ಕೆಮ್ಮಿನ ರಿಜಿಸ್ಟರು

ರಾಮಾಂಜಿನಯ್ಯನವರು ಗುಬ್ಬಿ ಬಸ್ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಬಸ್ಸುಗಳ ವೇಳೆ ಬರೆದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ತಡವಾಗಿದ್ದರೆ ಯಾಕೆ ತಡವಾಯಿತು ಎಂಬುದನ್ನೆಲ್ಲ ರಿಜಿಸ್ಟರಿನಲ್ಲಿ ತುಂಬಿ ಸಹಿ ಹಾಕುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ತುಮಕೂರಿನ ಮರಳೂರು ಬಡಾವಣೆಯ ಮಗನ ಮನೆಯಲ್ಲಿ ಹಾಲಿನವನು ಬಂದದ್ದು, ನಲ್ಲಿ ನೀರು ನಿಂತದ್ದು, ಕರೆಂಟು ಹೋದದ್ದು ಎಲ್ಲವನ್ನೂ ಕ್ಯಾಲೆಂಡರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಆದರೆ ಅವೆಲ್ಲ ಚಿಲ್ಲರೆ ಕೆಲಸ. ಅನುಭವಕ್ಕೆ ತಕ್ಕ ವಿಷಯವೊಂದು ಸಿಕ್ಕಿರಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಮೊಮ್ಮಗಳು ಇಂಪನಾಳ ಗಂಟಲಿನಲ್ಲಿ.

ನಾಲ್ಕೂವರೆ ವರ್ಷದ ಇಂಪನಾಗೆ ಕಾರ್ತೀಕದ ಚಳಿಯಲ್ಲಿ ನೆಗಡಿಯಾಯಿತು. ನೆಗಡಿ ವಾರಕ್ಕೆ ಇಳಿಯಿತು, ಕೆಮ್ಮು ಮಾತ್ರ ಅಲ್ಲೇ ಬೀಡುಬಿಟ್ಟಿತು. ಹಲ್ಲುಜ್ಜುವಾಗ ಕೆಮ್ಮು, ಓಡಿದರೆ ಕೆಮ್ಮು, ನಕ್ಕರೆ ಕೆಮ್ಮು. ಅಜ್ಜಿ ಭದ್ರಮ್ಮ ದೊಡ್ಡಪತ್ರೆ ರಸಕ್ಕೆ ಜೇನುತುಪ್ಪ ಬೆರೆಸಿ ನೆಕ್ಕಿಸಿದರು. ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಬಂದು, "ಕಣ್ಣಾಗಿದೆ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೇಗ್ ಹಾಕಿ" ಅಂದರು. ಹಾಗೆಯೇ ಹಾಕಿದ್ದಕ್ಕೆ ಮೆಣಸಿನಕಾಯಿ ಘಾಟಿಗೆ ಮಗುವಿನ ಜೊತೆ ಮನೆಮಂದಿಯೆಲ್ಲ ಕೆಮ್ಮಿದರು, ಸಲಹೆ ಕೊಟ್ಟ ಲಕ್ಷ್ಮೀದೇವಮ್ಮನವರೂ ಕೆಮ್ಮುತ್ತಲೇ ಮನೆಗೆ ಹೋದರು.

ಮೂರನೆಯ ವಾರ ಸೊಸೆ ಹರ್ಷಿತಾ ಮಗುವನ್ನು ಮಕ್ಕಳ ಡಾಕ್ಟರ್ ಅಪರ್ಣ ಅವರಲ್ಲಿಗೆ ಕರೆದೊಯ್ದಳು. ರಾಮಾಂಜಿನಯ್ಯನವರೂ ಜೊತೆಗೆ ಹೋದರು. ಡಾಕ್ಟರು ಎದೆ, ಬೆನ್ನು, ಕಿವಿ, ಗಂಟಲು ಎಲ್ಲ ನೋಡಿದರು.

"ಎದೆ ಚೆನ್ನಾಗಿದೆ, ಭಯ ಬೇಡ. ನೆಗಡಿ ಆದ್ಮೇಲೆ ಕೆಲವು ಮಕ್ಕಳಿಗೆ ಕೆಮ್ಮು ಹೀಗೇ ಎಳೆಯುತ್ತೆ. ಅದರ ಜೊತೆ ಏನಾದ್ರೂ ಅಲರ್ಜಿನೂ ಇರ್ಬೋದು. ಧೂಳು, ಹೊಗೆ, ಬೆಕ್ಕಿನ ಕೂದಲು, ಏನು ಬೇಕಾದ್ರೂ ಆಗ್ಬೋದು. ಸಿರಪ್ ಮೇಲೆ ಸಿರಪ್ ಕುಡಿಸ್ಬೇಡಿ. ಯಾವಾಗ ಕೆಮ್ತಾಳೆ, ಆಗ ಅಕ್ಕಪಕ್ಕ ಏನಿತ್ತು ಅನ್ನೋದನ್ನ ಸ್ವಲ್ಪ ಬರೆದಿಡಿ. ಉಸಿರಾಟ ಕಷ್ಟ ಅನ್ನಿಸಿದ್ರೆ ತಕ್ಷಣ ಬನ್ನಿ, ಇಲ್ಲಾಂದ್ರೆ ಹದಿನೈದು ಇಪ್ಪತ್ತು ದಿನ ಬಿಟ್ಟು ಬನ್ನಿ."

ಹರ್ಷಿತಾ ಹತ್ತಿರದ ಕೋರ ಗ್ರಾಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಐದೂವರೆಗೆ. ಅವಳ ಗಂಡ ನಾಗೇಶ್ ಗುಬ್ಬಿಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಅವನದ್ದೂ ಅದೇ ಕತೆ. "ಯಾರು ಬರೆಯೋದು?" ಎಂದು ಹರ್ಷಿತಾ ಆಟೋದಲ್ಲಿ ಯೋಚಿಸುತ್ತಿದ್ದಾಗ ಮಾವನವರ ಬೆನ್ನು ತಾನಾಗಿ ನೆಟ್ಟಗಾಗಿತ್ತು.

"ನಂಗೆ ಬುಡಮ್ಮ," ಅಂದರು ಅವರು. ಆ ದನಿ ನಿವೃತ್ತಿಯಾದ ಮೇಲೆ ಯಾರೂ ಕೇಳದಿದ್ದ ದನಿ.

ಮನೆಗೆ ಬಂದವರೇ ಸ್ಟೂಲು ಹತ್ತಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದರು. ಅದರಲ್ಲಿ ಹದಿನಾಲ್ಕು ರಿಜಿಸ್ಟರುಗಳಿದ್ದವು. ಇಲಾಖೆಗೆ ಕಂಪ್ಯೂಟರು ಬಂದಾಗ ಬರೆಯದೆ ಉಳಿದ ರಿಜಿಸ್ಟರುಗಳನ್ನು ರದ್ದಿಗೆ ಹಾಕುವುದಿತ್ತು. ರಾಮಾಂಜಿನಯ್ಯನವರು ಸಾಹೇಬರನ್ನು ಕೇಳಿ ಅವನ್ನು ಮನೆಗೆ ತಂದಿದ್ದರು. ಅವು ಗುಬ್ಬಿಯ ತೋಟದ ಮನೆಯಲ್ಲಿ ಕೊಬ್ಬರಿ ರಾಶಿಯ ಪಕ್ಕ ಹತ್ತು ವರ್ಷ ಮಲಗಿ, ಆಮೇಲೆ ಮರಳೂರಿನ ಅಟ್ಟಕ್ಕೆ ಬಂದಿದ್ದವು. ದಪ್ಪ ರಟ್ಟು, ಕೆಂಪು ಬಟ್ಟೆಯ ಬೆನ್ನು, ಹಳದಿಗೆ ತಿರುಗಿದ ಹಾಳೆ. ಮೊದಲನೆಯದನ್ನು ತೆಗೆದು ತೊಡೆಯ ಮೇಲೆ ಟಪಟಪ ಬಡಿದಾಗ ಹಳೆಯ ಆಫೀಸಿನ ವಾಸನೆ ಎದ್ದು ಅವರ ಮೂಗರಳಿತು.

ರಿಜಿಸ್ಟರಿನಲ್ಲಿ ಕಾಲಮುಗಳು ಮೊದಲೇ ಅಚ್ಚಾಗಿದ್ದವು. ಅವನ್ನು ಬದಲಾಯಿಸಲು ಅವರಿಗೆ ಮನಸ್ಸಾಗಲಿಲ್ಲ. 'ವಾಹನ ಸಂಖ್ಯೆ' ಎಂಬಲ್ಲಿ ಇಂಪನಾ ಎಂದು ಬರೆದರು. 'ಬಂದ ವೇಳೆ' ಎಂಬಲ್ಲಿ ಕೆಮ್ಮಿನ ವೇಳೆ. 'ಮಾರ್ಗ' ಎಂಬಲ್ಲಿ ಒಣಕೆಮ್ಮೋ ಕಫದ್ದೋ ಎಂಬ ವಿವರ. 'ತಡವಾದದ್ದಕ್ಕೆ ಕಾರಣ' ಎಂಬ ಉದ್ದನೆಯ ಕಾಲಮಿನಲ್ಲಿ ಆಗ ಹತ್ತಿರದಲ್ಲಿ ಇದ್ದ ವಸ್ತು ಮತ್ತು ವ್ಯಕ್ತಿಗಳು. 'ಚಾಲಕರ ಸಹಿ' ಎಂಬ ಕಡೆ ಯಾರಾದರೂ ಸಹಿ ಹಾಕಲೇಬೇಕಲ್ಲ, ಭದ್ರಮ್ಮನವರನ್ನು ಕರೆದರು.

"ನಂಗೆ ಅನ್ನಕ್ಕಿಡೋದಿದೆ," ಅಂದರು ಭದ್ರಮ್ಮ.

"ಇಟ್ಬುಟ್ಟು ಹಾಕು. ಸಾಕ್ಷಿ ಇಲ್ದೆ ದಾಖಲೆ ನಿಲ್ಲಲ್ಲ."

"ಮಗು ಕೆಮ್ಮಿದ್ದಕ್ಕೆ ನಾನ್ಯಾಕ್ರೀ ರುಜು ಹಾಕ್ಲಿ? ನಾನೇನ್ ಕೆಮ್ಸಿದ್ನಾ?"

ಅಂತೂ ಹಾಕಿದರು. ಮೊದಲ ದಿನ ಹತ್ತೊಂಬತ್ತು ಕೆಮ್ಮು, ಹತ್ತೊಂಬತ್ತು ರುಜು.

ಎರಡನೆಯ ದಿನದಿಂದ ರಾಮಾಂಜಿನಯ್ಯನವರು ಇಂಪನಾಳನ್ನು ನೆರಳಿನಂತೆ ಹಿಂಬಾಲಿಸಿದರು. ಅವಳು ಹೋದಲ್ಲೆಲ್ಲ ಕಂಕುಳಲ್ಲಿ ರಿಜಿಸ್ಟರು, ಕಿವಿಯ ಸಂದಿಯಲ್ಲಿ ಪೆನ್ನು. ಅವಳು ಮಣೆಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದರೆ ಎದುರಿಗೆ ಇವರೂ ಚಕ್ಕಳಮಕ್ಕಳ ಹಾಕಿ ರಿಜಿಸ್ಟರು ಬಿಚ್ಚುವರು. ಖೊಕ್ ಅಂದ ಕೂಡಲೆ ಗಡಿಯಾರ ನೋಡಿ, ಹಾಳೆ ಮಗುಚಿ, ಬರೆದು, ಶಾಯಿ ಒಣಗಲೆಂದು ಉಫ್ ಎಂದು ಊದುವರು. ಊದಿ ಮುಗಿಸುವಷ್ಟರಲ್ಲಿ ಇನ್ನೊಂದು ಖೊಕ್.

"ಡಬಲ್ ಟ್ರಿಪ್ಪು," ಎಂದುಕೊಂಡು ಅದನ್ನೂ ಬರೆಯುವರು.

ಇಂಪನಾಗೂ ಇದು ಬಹಳ ಹಿಡಿಸಿತು. ಅವಳ ಜೀವಮಾನದಲ್ಲಿ ಅವಳು ಮಾಡಿದ್ದನ್ನೆಲ್ಲ ಇಷ್ಟು ಶ್ರದ್ಧೆಯಿಂದ ಯಾರೂ ಬರೆದುಕೊಂಡಿರಲಿಲ್ಲ. ನಾಲ್ಕನೆಯ ದಿನದಿಂದ ತಾನೇ ಹುಡುಕಿಕೊಂಡು ಬರತೊಡಗಿದಳು.

"ತಾತ, ಬರ್ಕೊ. ಖೊ."

"ಇದು ನಿಜವಾದ್ದಾ ಮಗಾ?"

"ಅರ್ಧ ನಿಜ."

ಸುಳ್ಳು ಕೆಮ್ಮುಗಳಿಗೆ 'ವಿಶೇಷ ಬಸ್' ಎಂಬ ಬೇರೆ ಗುರುತು ಮಾಡಬೇಕಾಯಿತು.

ಸಂಶಯ ಬಂದ ವಸ್ತುಗಳನ್ನು ಅವರು ಒಂದೊಂದಾಗಿ ಗಡೀಪಾರು ಮಾಡಿದರು. ಮೊದಲು ದೇವರಮನೆಯ ಊದಿನಕಡ್ಡಿ. ಆಮೇಲೆ ಭದ್ರಮ್ಮನವರ ಮುಖದ ಪೌಡರು. ಮಗುವಿನ ಬಟ್ಟೆಯ ಆನೆಯನ್ನು ಒಗೆದು ಎರಡೂ ಕಿವಿಗೆ ಕ್ಲಿಪ್ಪು ಹಾಕಿ ತಾರಸಿಯ ತಂತಿಗೆ ನೇತುಹಾಕಿದರು. ಇಂಪನಾ ಅದರ ಕೆಳಗೆ ನಿಂತು ಅರ್ಧ ಗಂಟೆ ಅತ್ತಳು, ಅತ್ತದ್ದಕ್ಕೆ ಆರು ಸಲ ಕೆಮ್ಮಿದಳು, ಆರೂ ದಾಖಲಾದವು. ಲಕ್ಷ್ಮೀದೇವಮ್ಮನವರ ಬೆಕ್ಕು ಕಾಂಪೌಂಡು ದಾಟದಂತೆ ಕಾದರು. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: 'ಒಗ್ಗರಣೆ ಬೆಳಿಗ್ಗೆ 10.15ಕ್ಕೆ ಮಾತ್ರ.'

ಭದ್ರಮ್ಮ ಚೀಟಿ ಓದಿ ಸೌಟು ಕೆಳಗಿಟ್ಟರು. "ಇನ್ಮೇಲೆ ಅಡುಗೇನೂ ನೀವೇ ಮಾಡಿ. ಟೈಮಿಗ್ ಸರ್ಯಾಗಿ ಬೇಯುತ್ತೆ."

ಚೀಟಿ ಮಧ್ಯಾಹ್ನದೊಳಗೆ ಇಳಿಯಿತು. ಆದರೆ ಕೆಮ್ಮು ಇಳಿಯಲಿಲ್ಲ, ಏರಿತು. ದಿನಕ್ಕೆ ಹತ್ತೊಂಬತ್ತಿದ್ದದ್ದು ಇಪ್ಪತ್ತೇಳಾಯಿತು, ಮೂವತ್ತಾಯಿತು, ಹತ್ತನೆಯ ದಿನ ಮೂವತ್ತೆಂಟಾಯಿತು. ನಾಗೇಶ್ ಒಂದು ಸಂಜೆ ಶೂ ಬಿಚ್ಚುತ್ತಾ ಕೇಳಿದ, "ಅಪ್ಪ, ಬರೆಯೋಕೆ ಶುರು ಮಾಡಿದ್ಮೇಲೇ ಜಾಸ್ತಿ ಆಯ್ತಲ್ವಾ?"

"ಬರೆಯೋಕೆ ಮುಂಚೆ ನೀನು ಎಣಿಸಿದ್ಯಾ?" ಎಂದು ರಾಮಾಂಜಿನಯ್ಯನವರು ಕೇಳಿದ್ದಕ್ಕೆ ಅವನು ಬಗ್ಗಿ ಇನ್ನೊಂದು ಶೂ ಬಿಚ್ಚತೊಡಗಿದ.

ಹದಿನೈದನೆಯ ದಿನ ಮಧ್ಯಾಹ್ನ, ಇಂಪನಾ ಮಲಗಿದ್ದಾಗ, ಅವರು ಕನ್ನಡಕ ಒರೆಸಿಕೊಂಡು ಒಟ್ಟು ಲೆಕ್ಕ ಹಾಕಲು ಕೂತರು. ವಿಶೇಷ ಬಸ್ಸುಗಳನ್ನು ಕಳೆದು ನಾನ್ನೂರ ಹನ್ನೆರಡು ಕೆಮ್ಮು. ಅದರಲ್ಲಿ ಊದಿನಕಡ್ಡಿ ಹತ್ತಿರವಿದ್ದದ್ದು ಹನ್ನೊಂದಕ್ಕೆ. ಒಗ್ಗರಣೆ ನಲವತ್ತಕ್ಕೆ. ಆನೆ ಅರವತ್ತಮೂರಕ್ಕೆ. ಬೆಕ್ಕು ನಾಲ್ಕಕ್ಕೆ. ಭದ್ರಮ್ಮ ನೂರಿಪ್ಪತ್ತಕ್ಕೆ. ಯಾವುದೂ ಸಾಲದು. ಕೆಮ್ಮಿನಷ್ಟೇ ಸಲ ಹಾಜರಿದ್ದ ವಸ್ತು ಯಾವುದಾದರೂ ಇದೆಯೇ ಎಂದು ಮೊದಲ ಹಾಳೆಯಿಂದ ಬೆರಳಿಟ್ಟು ನೋಡುತ್ತಾ ಬಂದರು. ಒಂದೇ ಒಂದಿತ್ತು. ಪ್ರತಿಯೊಂದು ಸಾಲಿನಲ್ಲೂ, ನಿಯಮದ ಪ್ರಕಾರ, ತಾವೇ ತಮ್ಮ ಕೈಯಾರೆ ಬರೆದಿದ್ದರು: 'ಮತ್ತು ಸ್ವತಃ ನಾನು.'

ನಾನ್ನೂರ ಹನ್ನೆರಡಕ್ಕೆ ನಾನ್ನೂರ ಹನ್ನೆರಡು.

ರಾಮಾಂಜಿನಯ್ಯನವರು ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು. ಎರಡು ಸಲ ಕೂಡಿದರು. ಲೆಕ್ಕ ತಪ್ಪಿರಲಿಲ್ಲ, ಅವರ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಮಗುವಿಗೆ ಆಗಿಬಾರದಿದ್ದದ್ದು ಬೆಕ್ಕೂ ಅಲ್ಲ, ಹೊಗೆಯೂ ಅಲ್ಲ, ತಾತ. ಒಳಗೆ ಮಂಚದ ಮೇಲೆ ಇಂಪನಾ ಬಾಯಿ ತೆರೆದುಕೊಂಡು ಮಲಗಿದ್ದಳು. ಹೋಗಿ ಹೊದಿಕೆ ಸರಿಮಾಡೋಣವೆಂದು ಎದ್ದವರು ಬಾಗಿಲಲ್ಲೇ ನಿಂತು, ಉಸಿರು ಬಿಗಿಹಿಡಿದು, ಹಿಂದಕ್ಕೆ ಸರಿದರು.

ಯಾರಿಗೂ ಹೇಳಲು ನಾಚಿಕೆಯಾಯಿತು. ಸಂಜೆಯ ಹೊತ್ತಿಗೆ ಎರಡು ಪಂಚೆ, ಎರಡು ಅಂಗಿ ಜೋಡಿಸಿಕೊಂಡು, ಹದಿನಾಲ್ಕೂ ರಿಜಿಸ್ಟರುಗಳ ಗೋಣಿಚೀಲವನ್ನೂ ಹೊತ್ತು ಆಟೋ ಹತ್ತಿದರು. ದಾಖಲೆಯನ್ನು ಬಿಟ್ಟುಹೋಗುವಂತಿರಲಿಲ್ಲ. "ಅಕ್ಕನಿಗೆ ಮಂಡಿನೋವಂತೆ, ಮಾರ್ಕೋನಹಳ್ಳಿಗೆ ಹೋಗ್ಬರ್ತೀನಿ" ಎಂದಷ್ಟೇ ಭದ್ರಮ್ಮನವರಿಗೆ ಹೇಳಿದರು. ಟೀವಿಯ ಮೇಲೆ ಒಂದು ಹಾಳೆ ಇಟ್ಟು ಹೋಗಿದ್ದರು. ರಾತ್ರಿ ಊಟದ ಹೊತ್ತಿಗೆ ಅದನ್ನು ನಾಗೇಶ್ ಗಟ್ಟಿಯಾಗಿ ಓದಿದ: "ಶ್ರೀ ರಾಮಾಂಜಿನಯ್ಯ ಆದ ನನ್ನನ್ನು, ಮಗುವಿನ ಹಿತದೃಷ್ಟಿಯಿಂದ ಮತ್ತು ಆಡಳಿತಾತ್ಮಕ ಕಾರಣಗಳಿಗಾಗಿ, ಮರಳೂರಿನಿಂದ ಮಾರ್ಕೋನಹಳ್ಳಿಗೆ ಮುಂದಿನ ಆದೇಶದವರೆಗೆ ವರ್ಗಾಯಿಸಿ ಆದೇಶಿಸಲಾಗಿದೆ." ಕೆಳಗೆ ಅವರದೇ ಸಹಿ.

"ಯಾರು ವರ್ಗ ಮಾಡಿದ್ದು?" ಎಂದು ಭದ್ರಮ್ಮ ಕೇಳಿದರು.

"ಅವರೇ," ಅಂದ ನಾಗೇಶ್.

ಅಕ್ಕ ಹೊಂಬಾಳಮ್ಮನವರಿಗೆ ಎಪ್ಪತ್ತೆಂಟು ವರ್ಷ. ಮಾರ್ಕೋನಹಳ್ಳಿ ಜಲಾಶಯದ ಕಾಲುವೆಯ ಪಕ್ಕ ಅವರ ಗದ್ದೆ, ಮನೆ. ಮಗ ತಿಮ್ಮರಾಜು ಬೇಸಾಯ ನೋಡಿಕೊಳ್ಳುತ್ತಿದ್ದ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ಗೋಣಿಚೀಲ ಹೊತ್ತು ಬಂದ ತಮ್ಮನನ್ನು ಹೊಂಬಾಳಮ್ಮ ಮೇಲಿಂದ ಕೆಳಗೆ ನೋಡಿದರು.

"ಏನ್ಲಾ ರಾಮಾಂಜಿ, ರಾಗಿ ತಂದ್ಯಾ?"

"ಇಲ್ಲಕ್ಕ, ಆಫೀಸ್ ಕಾಗ್ದ."

"ನೀನ್ ರಿಟೇರ್ ಆಗಿ ಆರ್ ವರ್ಸ ಆಯ್ತು ಕಣ್ಲಾ."

ದಿನಾ ಸಂಜೆ ಏಳಕ್ಕೆ ಸರಿಯಾಗಿ ಅವರು ಮನೆಗೆ ಫೋನು ಮಾಡುವರು. ಹೇಗಿದೀರಿ, ಊಟ ಆಯಿತಾ ಒಂದೂ ಇಲ್ಲ. "ಎಷ್ಟು?" ಎಂದು ಕೇಳುವರು. ಮೊದಲ ದಿನ ಹರ್ಷಿತಾ, "ಹದಿನೈದು ಇರ್ಬೋದು ಮಾವ" ಅಂದಳು. ಮೂರನೆಯ ದಿನ "ಆರೋ ಏಳೋ". ಐದನೆಯ ದಿನ "ಇವತ್ತು ಎರಡೇ ಮಾವ, ಎಷ್ಟು ಸಲೀಸಾಗಿ ಓಡಾಡ್ತಿದಾಳೆ ಅಂತೀರಾ."

ರಾಮಾಂಜಿನಯ್ಯನವರು "ಸಂತೋಷಮ್ಮ" ಎಂದು ಹೇಳಿ ಫೋನಿಟ್ಟರು. ಸಂತೋಷ ನಿಜವಾಗಿಯೂ ಆಗಿತ್ತು. ಆದರೂ ತಟ್ಟೆಯಲ್ಲಿದ್ದ ಮುದ್ದೆ ಅರ್ಧಕ್ಕೇ ನಿಂತಿತು. ಎರಡು ಮುದ್ದೆ ಉಣ್ಣುವ ತಮ್ಮ ಅರ್ಧಕ್ಕೆ ಕೈತೊಳೆದದ್ದನ್ನು ನೋಡಿ ಹೊಂಬಾಳಮ್ಮ ಎಲೆಯಡಿಕೆ ತಟ್ಟೆ ಎಳೆದುಕೊಂಡು ಎದುರಿಗೆ ಕೂತರು.

"ಏನ್ ಬೊಗುಳು. ಭದ್ರಿ ಬೈದ್ಲಾ?"

"ಇಲ್ಲಕ್ಕ."

"ಮತ್ತೆ?"

"ಮಗೀಗೆ ನಾನು ಆಗ್ಬರಲ್ಲಕ್ಕ. ನಾನು ಹತ್ರ ಇದ್ರೆ ಕೆಮ್ಮುತ್ತೆ. ದೂರ ಬಂದೆ, ನಿಂತೋಯ್ತು. ದಾಖಲೆ ಇದೆ."

ಹೊಂಬಾಳಮ್ಮ ಎಲೆಗೆ ಸುಣ್ಣ ಹಚ್ಚಿದರು. "ನೋಡ್ಲಾ, ನಿನ್ ಕಂಡ್ರೆ ನಮ್ಮೂರಲ್ಲಿ ಬೋ ಜನಕ್ಕೆ ಆಗ್ಬತ್ತಿರ್ಲಿಲ್ಲ. ಒಬ್ರಾದ್ರೂ ಕೆಮ್ಮಿದ್ದು ಕಾಣೆ." ಎಲೆಯನ್ನು ಬಾಯಿಗಿಟ್ಟುಕೊಂಡು ಮೊಮ್ಮಗನ ಮೊಬೈಲು ತರಿಸಿ ಹರ್ಷಿತಾಗೆ ಫೋನು ಹಚ್ಚಿಸಿದರು. "ಭಾನ್ವಾರ ಎಲ್ರೂ ಬನ್ರವ್ವ. ಇವ್ನಿಗೆ ಮಂಡೆ ಕೆಟ್ಟೈತೆ."

ಭಾನುವಾರ ಹನ್ನೊಂದಕ್ಕೆ ನಾಲ್ವರೂ ಬಂದಿಳಿದರು. ರಾಮಾಂಜಿನಯ್ಯನವರು ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡು ಕಣದ ಆಚೆಯ ಹಲಸಿನ ಮರದ ಹಿಂದೆ ನಿಂತಿದ್ದರು.

"ತಾತ," ಎಂದು ಇಂಪನಾ ಕೂಗಿದಳು.

"ಅಲ್ಲೇ ನಿಂತ್ಕೊ ಮಗಾ. ಹತ್ರ ಬರ್ಬೇಡ."

ಕಣ್ಣಾಮುಚ್ಚಾಲೆ ಎಂದು ಇಂಪನಾ ತಿಳಿದುಕೊಂಡಳು. ಅವಳು ಮರದ ಕಡೆ ಓಡಿದಳು, ಅವರು ಹುಲ್ಲಿನ ಮೆದೆಯ ಕಡೆ ಓಡಿದರು. ಅವಳು ಮೆದೆ ಸುತ್ತಿದಳು, ಅವರೂ ಸುತ್ತಿದರು. ಅರವತ್ತಾರರ ಕಾಲು, ಮೇಲೆ ಪಂಚೆ. ಮೂರನೆಯ ಸುತ್ತಿಗೆ ಹಸುವಿನ ಹಗ್ಗ ಎಡವಿ ಹುಲ್ಲಿನ ಮೇಲೆ ಕೂತೇಬಿಟ್ಟರು. ಇಂಪನಾ ಬಂದು ಕತ್ತಿಗೆ ಜೋತುಬಿದ್ದು ಟವೆಲ್ಲು ಎಳೆದು ಕೆನ್ನೆಗೆ ಕೆನ್ನೆ ಹಚ್ಚಿದಳು. ರಾಮಾಂಜಿನಯ್ಯನವರು ಕಣ್ಣು ಮುಚ್ಚಿ ಕೆಮ್ಮಿಗಾಗಿ ಕಾದರು.

ಒಂದು ನಿಮಿಷವಾಯಿತು. ಕೆಮ್ಮಲಿಲ್ಲ. ಐದು ನಿಮಿಷವಾಯಿತು. ಅವಳು ಅವರ ತೊಡೆಯ ಮೇಲೆ ಕೂತು, ತಂತಿಯಿಂದ ಇಳಿಸಿದ ಆನೆಗೆ ಈಗ ಒಂದು ಕಿವಿ ಉದ್ದವಾಗಿದೆ ಎಂದು ವಿವರವಾಗಿ ಹೇಳಿದಳು. ಕೆಮ್ಮಲಿಲ್ಲ.

ಇಷ್ಟು ಹೊತ್ತಿಗೆ ಹೊಂಬಾಳಮ್ಮ ಜಗಲಿಯ ಮೇಲೆ ವಿಷಯವನ್ನೆಲ್ಲ ಹೇಳಿ ಮುಗಿಸಿದ್ದರು. ಹರ್ಷಿತಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣಕ್ಕಿಳಿದು ಮಾವನವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಮಾವ, ಒಂದು ಕೇಳ್ತೀನಿ. ನೀವು ಇಲ್ದೇ ಇದ್ದಾಗ ಕೆಮ್ಮಿದ್ದನ್ನ ಯಾರು ಬರೀತಿದ್ರು?"

ರಾಮಾಂಜಿನಯ್ಯನವರು ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡರು. ಗುಬ್ಬಿಯ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ತಾವು ಬರೆದ ಎಲ್ಲ ಬಸ್ಸುಗಳೂ ತಾವು ಹಾಜರಿದ್ದಾಗಲೇ ಬಂದಿದ್ದವು ಎಂಬುದು ಅವರಿಗೆ ಈಗ ಹೊಳೆಯಿತು.

"ಯಾರೂ ಇಲ್ಲ," ಅಂದರು.

"ಮತ್ತೆ?"

"ಆದ್ರೂ ನಾನು ಬಂದ್ಮೇಲೆ ನಿಂತಿದ್ದು ನಿಜ ತಾನೇ? ಇರಮ್ಮ, ಇವತ್ತಿಂದೂ ಬರೆದು ನೋಡೋಣ." ಹೊಸ ಹುರುಪಿನಿಂದ ಎದ್ದು ಒಳಗಿನಿಂದ ರಿಜಿಸ್ಟರು ತಂದು ಜಗಲಿಯಲ್ಲಿ ಕೂತರು. ಇಂಪನಾ ಮತ್ತೆ ತೊಡೆಯೇರಿದಳು. ಅವರು ರಿಜಿಸ್ಟರನ್ನು ಟಪಟಪ ಬಡಿದು ಬಿಚ್ಚಿ, ಹಾಳೆ ಮಗುಚಿ, 'ಹನ್ನೊಂದು ಗಂಟೆ ಇಪ್ಪತ್ತು ನಿಮಿಷ, ಕೆಮ್ಮು ಇಲ್ಲ' ಎಂದು ಬರೆದು, ಉಫ್ ಎಂದು ಊದಿದರು.

ಇಂಪನಾ ಕೆಮ್ಮಿದಳು. ಪಕ್ಕದಲ್ಲಿದ್ದ ಹೊಂಬಾಳಮ್ಮ ಎರಡು ಸಲ ಸೀನಿದರು.

"ಮುಚ್ಲಾ ಅದುನ್ನ," ಅಂದರು ಹೊಂಬಾಳಮ್ಮ ಸೆರಗಿನಿಂದ ಮೂಗೊರೆಸುತ್ತಾ.

ಮುಚ್ಚಿದರು. ಮಗುವನ್ನು ನಾಗೇಶ್ ಕಣದಲ್ಲಿ ಓಡಾಡಿಸಿದ, ಕೆಮ್ಮು ನಿಂತಿತು. ಹರ್ಷಿತಾ ರಿಜಿಸ್ಟರನ್ನು ಅಂಗಳದ ಆ ತುದಿಗೆ ಒಯ್ದು ಬಿಸಿಲಿಗೆ ಹಿಡಿದು ಒಂದೇ ಒಂದು ಹಾಳೆ ಮಗುಚಿದಳು. ಬಿಸಿಲಿನಲ್ಲಿ ಬೂದಿಬಣ್ಣದ ಧೂಳು ಮೋಡದಂತೆ ಎದ್ದಿತು. ರಟ್ಟಿನ ಒಳಗಡೆ ಬೂಷ್ಟು ಹಸಿರಾಗಿ ಹರಡಿತ್ತು, ಕೆಂಪು ಬೆನ್ನಿನ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಹುಳುಗಳು ಓಡಾಡುತ್ತಿದ್ದವು.

ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ, ಭಾನುವಾರ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದು ಶುರುಮಾಡಿ ಎಲ್ಲ ಹೇಳಿದಳು. ಆಮೇಲೆ ಡಾಕ್ಟರ್ ಅಪರ್ಣ ಅವರ ದನಿ ಬಂತು. ಅವರು ನಗು ತಡೆದುಕೊಂಡೇ ಮಾತಾಡುತ್ತಿದ್ದದ್ದು ಸ್ಪೀಕರಿನಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು.

"ಹಳೇ ಕಾಗದದ ಧೂಳು, ಬೂಷ್ಟು ಇವು ಆಗದೆ ಇರೋ ಮಕ್ಕಳು ಬೇಕಾದಷ್ಟಿದಾರೆ. ತಾತ ಆಗದೆ ಇರೋ ಮಗೂನ ಮಾತ್ರ ನಾನಿನ್ನೂ ನೋಡಿಲ್ಲ. ಪುಸ್ತಕ ದೂರ ಇಡಿ, ತಾತನ್ನ ಹತ್ತಿರ ಇಡಿ. ಬುಧವಾರ ಕರ್ಕೊಂಡು ಬನ್ನಿ, ಎದೆ ಇನ್ನೊಂದ್ಸಲ ಕೇಳ್ತೀನಿ."

ರಾಮಾಂಜಿನಯ್ಯನವರು ಗೋಣಿಚೀಲದ ಮುಂದೆ ನಿಂತರು. ಹದಿಮೂರು ರಿಜಿಸ್ಟರುಗಳಲ್ಲಿ ಇನ್ನೂ ಒಂದಕ್ಷರವೂ ಬಿದ್ದಿರಲಿಲ್ಲ. ಎಂಥ ಗಟ್ಟಿ ರಟ್ಟು, ಎಷ್ಟು ನೇರವಾದ ಗೆರೆ.

"ಅಕ್ಕ, ನಿನ್ ನೀರೊಲೆ ಮನೆಯಿಂದ ದೂರ ಇದೆ ಅಲ್ವಾ?"

"ಹಿತ್ತಲ ಆ ಕಡೆ. ಗಾಳಿ ಗದ್ದೆ ಕಡೀಕ್ ಬೀಸ್ತೈತೆ, ಬುಡು."

ಮಗುವನ್ನು ನಾಗೇಶನೂ ಹರ್ಷಿತಾಳೂ ಡ್ಯಾಮು ತೋರಿಸಲು ಕರೆದೊಯ್ದರು. ರಾಮಾಂಜಿನಯ್ಯನವರು ಅವರು ಕಣ್ಮರೆಯಾಗುವವರೆಗೂ ಕಾದು, ಒಂದೊಂದೇ ರಿಜಿಸ್ಟರನ್ನು ತಾವೇ ಒಲೆಗಿಟ್ಟರು. ನಾನ್ನೂರ ಹನ್ನೆರಡು ಕೆಮ್ಮುಗಳಿದ್ದ ರಿಜಿಸ್ಟರನ್ನು ಕೊನೆಗೆ ಇಟ್ಟರು. ಪ್ರತಿ ಸಾಲಿಗೂ ಇದ್ದ ಭದ್ರಮ್ಮನವರ ರುಜುಗಳು ಸಾಲುಸಾಲಾಗಿ ಸುರುಟಿಕೊಂಡವು. ಹಿಂದೆ ನಿಂತಿದ್ದ ಭದ್ರಮ್ಮ ಗಂಡನ ಅಂಗಿಗೆ ಹತ್ತಿದ್ದ ಹುಲ್ಲುಕಡ್ಡಿಗಳನ್ನು ಕಿತ್ತು ತೆಗೆದರು. ಆ ಒಲೆಯಲ್ಲಿ ಕಾದ ನೀರಿನಲ್ಲಿ ಅಂದು ಹೊಂಬಾಳಮ್ಮನವರ ಮನೆಯವರೆಲ್ಲ ಎಣ್ಣೆಸ್ನಾನ ಮಾಡಿದರು. ರಾಮಾಂಜಿನಯ್ಯನವರಂತೂ ಬಿಸಿನೀರು ಹುಯ್ದುಕೊಂಡು ಮೂರು ಮುದ್ದೆ ಉಂಡರು.

ಸಂಜೆ ಕುಣಿಗಲ್ಲಿನಿಂದ ತುಮಕೂರಿನ ಬಸ್ಸಿನಲ್ಲಿ ಇಂಪನಾ ತಾತನ ತೊಡೆ ಬಿಟ್ಟು ಇಳಿಯಲಿಲ್ಲ. ಹೆಬ್ಬೂರಿನಲ್ಲಿ ಬಸ್ಸು ನಿಂತಾಗ ಸೀಬೆಹಣ್ಣಿನವಳು ಕಿಟಕಿಗೆ ಬುಟ್ಟಿ ಎತ್ತಿ ಹಿಡಿದಳು. ನಾಲ್ಕು ಹೋಳು ಮಾಡಿ ಉಪ್ಪುಖಾರ ಸವರಿದ್ದ ಹಣ್ಣು. ಇಂಪನಾ ಬೇಕು ಅಂದಳು, ರಾಮಾಂಜಿನಯ್ಯನವರು ಕೊಡಿಸಿದರು.

"ಸೀಬೆಕಾಯಾ? ಶೀತ ಕಣ್ರೀ ಅದು. ಮತ್ತೆ ಕೆಮ್ಮು ಹತ್ತುತ್ತೆ," ಎಂದು ಹಿಂದಿನ ಸೀಟಿನಿಂದ ಭದ್ರಮ್ಮ ಬಗ್ಗಿದರು.

"ಕಾಯಿಗೆ ಬರೋದಮ್ಮ, ಹಣ್ಣಿಗೆ ಬರಲ್ಲ," ಅಂದ ನಾಗೇಶ್.

"ಎರಡಕ್ಕೂ ಬರಲ್ಲ," ಅಂದಳು ಹರ್ಷಿತಾ.

"ಖಾರ ಜಾಸ್ತಿ ಇದ್ರೆ ಬರ್ಬೋದು," ಅಂದ ಕಂಡಕ್ಟರು, ಅವನನ್ನು ಯಾರೂ ಕೇಳಿರಲಿಲ್ಲ.

ಪಕ್ಕದ ಸೀಟಿನ ಇಬ್ಬರು ಹೆಂಗಸರು ಭದ್ರಮ್ಮನವರ ಪಕ್ಷ ಸೇರಿದರು, ಡ್ರೈವರು ಕನ್ನಡಿಯಲ್ಲಿ ನೋಡುತ್ತಾ ತನ್ನ ಮಗನಿಗೆ ಬಾಳೆಹಣ್ಣು ಆಗುವುದಿಲ್ಲ ಎಂದ. ಬಸ್ಸು ಹೆಬ್ಬೂರು ದಾಟಿ ಕತ್ತಲಾಗುತ್ತಾ ಬಂದರೂ ಮಾತು ಮುಗಿಯಲಿಲ್ಲ. ಅಷ್ಟರಲ್ಲಿ ಇಂಪನಾ ನಾಲ್ಕು ಹೋಳನ್ನೂ ತಿಂದು ಮುಗಿಸಿ, ಕೆಂಪಗಾದ ಬೆರಳುಗಳನ್ನು ತಾತನ ಬಿಳಿ ಪಂಚೆಗೆ ಒಂದೊಂದಾಗಿ ಒರೆಸುತ್ತಿದ್ದಳು.